ಕಣ್ಣು ಮುಚ್ಚಿ ಕಾರು ಆರಿಸುವವರು

ನಮ್ಮ ಬೀದಿಯಲ್ಲಿ ಯಾರು ಹಳೇ ಕಾರು ಕೊಳ್ಳಬೇಕೆಂದರೂ ಮೊದಲು ಬಂದು ನಮ್ಮ ಮನೆ ಬಾಗಿಲು ತಟ್ಟುತ್ತಾರೆ. ನಮ್ಮನೆಯವರು ಶಾಲೆ ಬಸ್ಸಿನ ಡ್ರೈವರು. ಬೀದಿಯವರಿಗೆ ಮಾತ್ರ ಅವರು ಕಾರ್ ಡಾಕ್ಟರು, ಫೀಸಿಲ್ಲದ ಡಾಕ್ಟರು. ಒಂದು ಲೋಟ ಟೀ ಕೊಟ್ಟು, "ನಿಮ್ಮಂಥೋರು ಯಾರಿದಾರೆ ಹೇಳಿ" ಎಂದು ಸ್ವಲ್ಪ ಬೆಣ್ಣೆ ಹಚ್ಚಿದರೆ ಸಾಕು, ಭಾನುವಾರದ ನಿದ್ದೆ ಬಿಟ್ಟು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾರೆ. ಮನೆಯ ನಲ್ಲಿ ಸೋರುತ್ತಿದೆ ಎಂದರೆ ಮಾತ್ರ ಅವರಿಗೆ ಸೊಂಟ ನೋವು.

ಅವರು ಕಾರು ನೋಡುವ ರೀತಿಯೇ ಬೇರೆ. ಹೋಗುವುದು ಬೆಳಿಗ್ಗೆ ಬೇಗ. ಹೋದವರೇ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾರೆ. ಬೆಚ್ಚಗಿದ್ದರೆ ಮಾತಿಲ್ಲ ಕತೆಯಿಲ್ಲ, ವಾಪಸ್ಸು. ಸ್ಟಾರ್ಟ್ ಆಗಲು ತಕರಾರು ಮಾಡುವ ಕಾರನ್ನು ಮಾರುವವನು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿರುತ್ತಾನಂತೆ. ತಣ್ಣಗಿದ್ದರೆ ಬ್ರೇಕ್ ಪೆಡಲಿನ ರಬ್ಬರು ನೋಡುತ್ತಾರೆ. ಮೀಟರಿನಲ್ಲಿ ಕಡಿಮೆ ಓಡಿದೆ ಎಂದಿದ್ದು ರಬ್ಬರು ಸವೆದು ನುಣ್ಣಗಾಗಿದ್ದರೆ ಅಲ್ಲಿ ಯಾರೋ ಟೋಪಿ ಹಾಕಲು ಕೂತಿದ್ದಾರೆ ಎಂದರ್ಥ. ಡಿಕ್ಕಿಯ ಚಾಪೆ ಎತ್ತಿ ತುಕ್ಕು ಹುಡುಕುತ್ತಾರೆ. ಇಷ್ಟೆಲ್ಲ ಆದ ಮೇಲೆ, ಓಡಿಸುವ ಕೆಲಸವನ್ನು ಮಾಲೀಕನಿಗೇ ಬಿಟ್ಟು, ತಾವು ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಬಿಡುತ್ತಾರೆ.

"ಏನ್ ಸ್ವಾಮಿ, ನಿದ್ದೆನಾ?" ಎಂದು ಮಾರುವವರು ಗಾಬರಿಯಾಗುತ್ತಾರೆ.

"ಇಲ್ಲ, ನೀವು ಓಡಿಸಿ. ನಾನು ಕೇಳ್ತಾ ಇದೀನಿ."

ಬಣ್ಣ, ಹೊಳಪು, ಸೀಟಿನ ಕವರು ಎಲ್ಲ ಕಣ್ಣನ್ನು ಮಂಗ ಮಾಡುತ್ತವೆ, ಕಿವಿಯನ್ನು ಮಂಗ ಮಾಡಲು ಆಗುವುದಿಲ್ಲ ಎನ್ನುತ್ತಾರೆ. ಗುಂಡಿಗೆ ಇಳಿದಾಗ ಎಲ್ಲಿ ಕಟಕಟ ಎಂದಿತು, ಗೇರು ಬದಲಿಸುವಾಗ ಎಲ್ಲಿ ನರಳಿತು, ಎಲ್ಲ ಕೇಳಿಸಿಕೊಂಡು ಇಳಿದು ಬಂದು ಹೂಂ ಅಥವಾ ಊಹೂಂ ಎನ್ನುತ್ತಾರೆ. ಇಲ್ಲಿಯವರೆಗೆ ಅವರು ಹೂಂ ಎಂದ ಕಾರು ಯಾರನ್ನೂ ನಡುದಾರಿಯಲ್ಲಿ ಕೈಬಿಟ್ಟಿಲ್ಲ.

ಆ ಕಿವಿಗೆ ಬಿದ್ದ ಎಲ್ಲ ಕಾರುಗಳಲ್ಲಿ ಅತಿ ಒಳ್ಳೆಯ ಕಾರನ್ನು ಅವರು ಕೊಡಿಸಿದ್ದು ಯಾರಿಗೆ? ನನ್ನ ತಂಗಿಗೆ.

ಬೆಳ್ಳಿ ಬಣ್ಣದ ಸಣ್ಣ ಕಾರು. ಒಂದು ಗೀರಿಲ್ಲ. ನನ್ನ ತಂಗಿಯ ಗಂಡನಿಗೆ ಚಪ್ಪಲಿ ಅಂಗಡಿ. ಕಾರಿನ ವಿಷಯದಲ್ಲಿ ಅವನಿಗೆ ಚಕ್ರ ನಾಲ್ಕು ಎನ್ನುವುದರ ಆಚೆಗೆ ಏನೂ ಗೊತ್ತಿಲ್ಲ. ನಮ್ಮನೆಯವರು ಷಡ್ಡಕ ಎನ್ನುವ ಪ್ರೀತಿಗೆ ನಾಲ್ಕು ವಾರ ಅಲೆದು ಹುಡುಕಿ ಕೊಡಿಸಿದರು. ಅಂದು ಮನೆಗೆ ಬಂದು, "ಅಂಥ ಎಂಜಿನ್ ನಾನು ಇನ್ನೊಂದು ಕೇಳಿಲ್ಲ ಕಣೇ" ಎಂದು ಖುಷಿಯಾಗಿ ಊಟಕ್ಕೆ ಕೂತರು. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಒಳ್ಳೆಯದಾದರೆ ನಮಗೇ ಇಟ್ಟುಕೊಳ್ಳಬೇಕಿತ್ತು ಎಂದೆ. ದುಡ್ಡೆಲ್ಲಿದೆ ಎಂದರು. ದುಡ್ಡಿರಲಿಲ್ಲ, ನಿಜ. ಹೊಟ್ಟೆಯುರಿಗೆ ದುಡ್ಡು ಯಾಕೆ ಬೇಕು?

ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಅಲಂಕಾರ ಮಾಡುವ ಅಭ್ಯಾಸ ನನಗಿಲ್ಲ. ಅವಳು ನನಗಿಂತ ಚಿಕ್ಕವಳು, ಅವಳ ಕೂದಲು ನನ್ನದಕ್ಕಿಂತ ಉದ್ದ, ಅವಳ ಮನೆಗೆ ಬಿಸಿಲು ಬರುವ ಕಿಟಕಿಗಳು. ನಾನು ಗಾರ್ಮೆಂಟ್ಸಿನಲ್ಲಿ ದಿನವಿಡೀ ಕಂಡವರ ಅಂಗಿಗೆ ಕಾಲರು ಹೊಲಿಯುತ್ತೇನೆ, ಅವಳು ಅಂಗಡಿಯ ಗಲ್ಲಾದಲ್ಲಿ ಫ್ಯಾನಿನ ಕೆಳಗೆ ಕೂರುತ್ತಾಳೆ. ಬಂದಾಗಲೆಲ್ಲ ಕಾರನ್ನು ನಮ್ಮ ಬಾಗಿಲಿಗೇ ತಂದು ನಿಲ್ಲಿಸಿ, ಕೀಯನ್ನು ಬೆರಳಿನಲ್ಲಿ ತಿರುಗಿಸುತ್ತ ಒಳಗೆ ಬರುತ್ತಾಳೆ. "ಭಾವ ಆರಿಸಿದ್ದು ಅಂದ್ಮೇಲೆ ಕೇಳ್ಬೇಕಾ ಅಕ್ಕ, ಹೂವಿನ ಹಾಗೆ ಹೋಗುತ್ತೆ" ಎನ್ನುತ್ತಾಳೆ. ಹೋಗುತ್ತೆ, ಯಾಕೆ ಹೋಗಲ್ಲ.

ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಆದರೆ ಆಮೇಲೆ ಅವಳು ಅಮ್ಮನನ್ನೂ ಕರೆದುಕೊಂಡು ಹೋದಳು.

ಅಪ್ಪ ತೀರಿಕೊಂಡಾಗಿನಿಂದ ಅಮ್ಮ ಇದ್ದದ್ದು ನನ್ನ ಜೊತೆ. ಅವಳಿಗೆ ಮಂಡಿ ಆಪರೇಷನ್ ಆಯಿತು. ವ್ಯಾಯಾಮ ಮಾಡಿಸಲು ವಾರವಾರವೂ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದರು ಅಲ್ಲಿಯ ಡಾಕ್ಟರು. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ತಂಗಿ ಕಾರು ತಂದಿದ್ದಳು. "ಸ್ವಲ್ಪ ದಿನ ಇವಳ ಮನೇಲಿರ್ತೀನಿ" ಎಂದು ಅಮ್ಮ ಮುಂದಿನ ಸೀಟಿನಲ್ಲಿ ಕೂತಳು. ನಾನು ಅವಳ ಬಟ್ಟೆಯ ಚೀಲ ಹಿಡಿದು ರಸ್ತೆಯಲ್ಲಿ ನಿಂತಿದ್ದೆ. ಸ್ವಲ್ಪ ದಿನ ಎಂದದ್ದು ತಿಂಗಳುಗಳಾಯಿತು. ಮನೆಗೆ ಬಂದರೆ ಅವಳ ಮಂಚ ಖಾಲಿ, ಅದರ ಮೇಲೆ ಮಡಿಸದ ಬಟ್ಟೆಯ ರಾಶಿ.

ಕಾರಿದ್ದವರ ಮನೆಗೆ ಅಮ್ಮನೂ ಹೋಗುತ್ತಾಳೆ ಎಂದಾದರೆ ನಾವೂ ಕಾರು ಕೊಳ್ಳೋಣ ಎಂದು ಗಂಡನ ಜೀವ ತಿಂದೆ. ಹೆಚ್ಚಿನ ಪಾಳಿ ಮಾಡಿ ದುಡ್ಡು ಕೂಡಿಸಿದೆ. ಎಷ್ಟು ಕೂಡಿಸಿದರೂ ಅದು ಸಣ್ಣ ಕಾರಿನ ದುಡ್ಡೇ, ಅದೂ ಚೆನ್ನಾಗಿ ಹಳೆಯದಾದ ಸಣ್ಣ ಕಾರಿನ ದುಡ್ಡು.

"ಕಾರು ಬಂದ್ರೆ ಅತ್ತೆ ಬರ್ತಾರೆ ಅಂತ ನಿಂಗೆ ಯಾರು ಹೇಳಿದ್ರು?" ಎಂದು ಅವರು ಕೇಳಿದರು.

"ಯಾರೂ ಹೇಳ್ಬೇಕಾಗಿಲ್ಲ. ನಂಗೆ ಗೊತ್ತು. ನೀವು ಹುಡುಕಿ."

ಹುಡುಕುವ ಕೆಲಸಕ್ಕೆ ನಾನೂ ಜೊತೆಗೆ ಹೋದೆ. ಹಳೇ ಕಾರು ಮಾರುವ ಅಂಗಡಿಯಲ್ಲಿ ಒಂದು ಬಿಳಿ ಕಾರು ಕಂಡು ನನ್ನ ಕಣ್ಣು ಅಲ್ಲೇ ನೆಟ್ಟಿತು. ತಂಗಿಯದಕ್ಕಿಂತ ಒಂದು ಗೇಣು ಉದ್ದ. ಬಿಸಿಲು ತಡೆಯುವ ಪಟ್ಟಿಯ ಹಿಂದೆ ಪುಟ್ಟ ಕನ್ನಡಿ ಬೇರೆ, ಅವಳ ಕಾರಿನಲ್ಲಿ ಅದಿಲ್ಲ. ನಮ್ಮನೆಯವರು ಬಾನೆಟ್ ಮುಟ್ಟಿ ಬಸ್ ನಿಲ್ದಾಣದ ಕಡೆ ತಿರುಗಿ ನಡೆದೇಬಿಟ್ಟರು. ದಾರಿಯುದ್ದಕ್ಕೂ ಅವರ ಹಿಂದೆಯೇ ಹಲ್ಲು ಕಡಿಯುತ್ತ ಬಂದೆ. ಅವಳಿಗಾದರೆ ವಾರಗಟ್ಟಲೆ ಅಲೆದಿರಿ, ನನಗೆ ಒಂದೇ ನಿಮಿಷಕ್ಕೆ ಬೇಡವಾಯಿತಾ ಎಂದೆ. ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡಿದರು.

ಮುಂದಿನ ಕಾರಿನ ಮೀಟರು ಸುಳ್ಳು ಹೇಳಿತು. ಅದರ ಮುಂದಿನದನ್ನು ನೀರಿನಲ್ಲಿ ಮುಳುಗಿಸಿ ಎತ್ತಿದ್ದರಂತೆ, ಚಾಪೆಯ ಅಡಿಯಲ್ಲಿ ಕೆಸರಿನ ವಾಸನೆ ಇನ್ನೂ ಇತ್ತು. ಕೊನೆಗೆ ಸಿಕ್ಕಿದ್ದು ನಿವೃತ್ತರಾದ ನರ್ಸಮ್ಮ ಒಬ್ಬರ ಕಾರು. ಬಾಡಿದ ಸೊಪ್ಪಿನ ಬಣ್ಣ. ಎಡಗಡೆಯ ಬಾಗಿಲಿಗೆ ಯಾರೋ ಗುದ್ದಿದ ತಗ್ಗು. ಅದನ್ನು ನೋಡಿ ನಾನು ಮೂಗು ಮುರಿದೆ. ಆಯಮ್ಮ ಓಡಿಸಿದರು, ಇವರು ಹಿಂದೆ ಕೂತು ಕಣ್ಣು ಮುಚ್ಚಿದರು, ನಾನು ಗೇಟಿನ ಹತ್ತಿರ ನಿಂತು ಅದು ಕೆಟ್ಟಿರಲಿ ಎಂದು ಬೇಡಿಕೊಂಡೆ.

ಇಳಿದವರೇ, "ಹೂಂ" ಎಂದರು.

"ಅವಳ ಕಾರಿನಷ್ಟು ಚೆನ್ನಾಗಿದ್ಯಾ?"

"ಅಷ್ಟಿಲ್ಲ. ಆದ್ರೆ ಮೋಸ ಮಾಡಲ್ಲ. ನಮ್ ಕೈಗೆ ಇಷ್ಟೇ ಎಟುಕೋದು."

ಸುಳ್ಳಾದರೂ ಹೌದು ಎನ್ನಬಹುದಿತ್ತು. ಆ ಮನುಷ್ಯನ ಬಾಯಲ್ಲಿ ಹೆಂಡತಿಗೋಸ್ಕರ ಒಂದು ಸುಳ್ಳು ಬರುವುದಿಲ್ಲ.

ಕೊಂಡೆವು. ಭಾನುವಾರ ಮಧ್ಯಾಹ್ನ ನಾನು ಒಳ್ಳೆಯ ಸೀರೆ ಉಟ್ಟು, ಅಮ್ಮನ ಮಂಚಕ್ಕೆ ಹೊಸ ಹೊದಿಕೆ ಹಾಸಿ, ತಂಗಿಯ ಮನೆಗೆ ಹೊರಟೆ. ಗಂಡ ಓಡಿಸಿದರು. ತಗ್ಗಿದ್ದ ಬಾಗಿಲು ಅವಳಿಗೆ ಕಾಣಬಾರದು, ಗೋಡೆಗೆ ಒತ್ತಿ ನಿಲ್ಲಿಸಿ ಎಂದೆ. ನಿಲ್ಲಿಸಿದರು. ತಂಗಿ ಹೊರಗೆ ಓಡಿ ಬಂದು ಕಾರಿನ ಮುಂದೊಮ್ಮೆ ಹಿಂದೊಮ್ಮೆ ಓಡಾಡಿ, "ಅಯ್ಯೋ ಎಷ್ಟು ಮುದ್ದಾಗಿದೆ ಅಕ್ಕ" ಎಂದಳು. ಅವಳ ಮುಖದಲ್ಲಿ ನನಗೆ ಬೇಕಾದದ್ದನ್ನು ಹುಡುಕಿದೆ. ಒಂದು ಚೂರೂ ಇರಲಿಲ್ಲ. ಅವಳು ನಿಜವಾಗಿಯೂ ಸಂತೋಷಪಟ್ಟಿದ್ದಳು. ಅದಕ್ಕೂ ನನಗೆ ಸಿಟ್ಟು ಬಂತು. ಟೀ ಮಾಡುತ್ತೇನೆಂದು ಅವಳು ಒಳಗೆ ಹೋದಳು.

ಅಮ್ಮ ಜಗಲಿಯ ಕುರ್ಚಿಯಲ್ಲಿ ಕೂತು ಕಾಲು ನೀಡಿದ್ದಳು.

"ನಡಿ ಅಮ್ಮ ಮನೆಗೆ. ಈಗ ನಮ್ಮತ್ರಾನೂ ಕಾರಿದೆ. ಆಸ್ಪತ್ರೆಗೆ ಇವಳ ಕಾರೇ ಆಗ್ಬೇಕು ಅಂತಿಲ್ಲ."

ಅಮ್ಮ ನನ್ನನ್ನೇ ನೋಡಿದಳು. "ಇವಳ ಕಾರಾ? ಅದನ್ನ ಬೆಳಗಾದ್ರೆ ಇವಳ ಗಂಡ ಅಂಗಡಿಗೆ ತಗೊಂಡ್ ಹೋಗ್ತಾನೆ. ನಾನು ಆಸ್ಪತ್ರೆಗೆ ಹೋಗೋದು ಆಟೋದಲ್ಲಿ."

"ಮತ್ತೆ ಇಲ್ಲಿಗೆ ಯಾಕೆ ಬಂದೆ?"

"ನಿಮ್ಮನೇಲಿ ಎದ್ರೆ ಇವಳ ಸುದ್ದಿ, ಕೂತ್ರೆ ಇವಳ ಸುದ್ದಿ. ಇವಳು ಏನ್ ತಗೊಂಡ್ಲು, ನಾನು ಇವಳಿಗೆ ಏನ್ ಕೊಟ್ಟೆ, ಯಾಕ್ ಕೊಟ್ಟೆ. ಇವಳೂ ನನ್ ಹೊಟ್ಟೇಲೇ ಹುಟ್ಟಿದ್ದು ಕಣೇ. ಕೇಳಿ ಕೇಳಿ ಸಾಕಾಗಿತ್ತು. ಇಲ್ಲಿ ಆ ಕಾಟ ಇಲ್ಲ. ಇಲ್ಲಿ ಯಾರೂ ನಿನ್ ಸುದ್ದಿನೇ ಎತ್ತಲ್ಲ."

ನನ್ನ ಸುದ್ದಿಯನ್ನೇ ಎತ್ತುವುದಿಲ್ಲವಂತೆ. ನಾನು ಇಷ್ಟು ವರ್ಷ ಕೂತಲ್ಲಿ ನಿಂತಲ್ಲಿ ಇವಳನ್ನೇ ನೆನೆದು ಬೆಂದಿದ್ದೇನೆ. ಈ ಕಡೆಯಲ್ಲೂ ಒಂದಿಷ್ಟಾದರೂ ಹೊಗೆ ಇರಬಹುದು ಎಂದುಕೊಂಡಿದ್ದೆ. ಇಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ.

ನನ್ನ ಗಂಡ ಮೆಲ್ಲಗೆ, "ಅತ್ತೆ, ಇವಳು ಹಾಸಿಗೆಯೆಲ್ಲ ಹಾಸಿ ಬಂದಿದಾಳೆ" ಎಂದರು.

ಅಮ್ಮ ಎರಡೂ ಕೈಯಲ್ಲಿ ಮಂಡಿ ನೀವಿಕೊಂಡಳು. ಆಮೇಲೆ ಕೋಲು ಊರಿ ಎದ್ದಳು. "ಆಯ್ತು, ಬರ್ತೀನಿ. ಆದ್ರೆ ಒಂದು ಮಾತು. ಇವಳ ಸುದ್ದಿ ಎತ್ತಿದ್ರೆ ಅಲ್ಲೇ ಇಳ್ದು ಆಟೋ ಹಿಡೀತೀನಿ."

"ಎತ್ತಲ್ಲ" ಎಂದೆ.

ಟೀ ಕುಡಿದು ಹೊರಟೆವು. ಗಂಡ ಮುಂದೆ, ನಾನೂ ಅಮ್ಮನೂ ಹಿಂದೆ. ತಂಗಿ ಕೈ ಬೀಸಿದಳು. ಬೀದಿ ತಿರುಗುವಾಗ ಅವಳು ಉಟ್ಟಿದ್ದ ಹೊಸ ಸೀರೆ ಕಣ್ಣಿಗೆ ಬಿತ್ತು, ಯಾರು ಕೊಡಿಸಿದ್ದು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿದೆ. ಸಂತೆಬೀದಿ ದಾಟಿತು, ಸೇತುವೆ ದಾಟಿತು. ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

"ಏನೇ, ಇಷ್ಟು ದಿನ ಆದ್ಮೇಲೆ ಸಿಕ್ಕಿದೀನಿ. ಏನಾದ್ರೂ ಮಾತಾಡು" ಎಂದಳು.

ಬಾಯಿ ತೆರೆದೆ. ಏನು ಹೇಳಲಿ ಎಂದು ಒಳಗೆಲ್ಲ ತಡಕಾಡಿದೆ. ತಂಗಿಯ ವಿಷಯವಲ್ಲದ ಒಂದೇ ಒಂದು ಮಾತು ಸಿಗಲಿಲ್ಲ. ಅಮ್ಮ ನನ್ನ ಮುಖ ನೋಡುತ್ತ ಕಾಯುತ್ತಲೇ ಇದ್ದಳು.