ಗಿರಣಿಯಲ್ಲಿ ಓದಿ ಹೇಳಿದ ಕಾನೂನು

ನಮ್ಮ ಮನೆಯಲ್ಲಿ ಮೊಮ್ಮಗಳು ಹುಟ್ಟಿದ್ದಾಳೆ. ಮೂರನೆಯ ಮೊಮ್ಮಗಳು. ತಲೆ ತುಂಬ ಕೂದಲು. ಆಸ್ಪತ್ರೆಯಲ್ಲಿ ಹೊರಗೆ ತಂದು ತೋರಿಸಿದ ನರ್ಸಬಾಯಿ, "ಇಕಿ ಜಡಿ ಹೆಣಕೊಂಡ ಬಂದಾಳ್ರಿ ಅಜ್ಜಾರ" ಎಂದಳು. ನಾನು ಕೈ ಚಾಚಿದೆ. ಕೈಯ ಗೆರೆಗಳಲ್ಲೆಲ್ಲ ಜೋಳದ ಹಿಟ್ಟು ಕೂತಿತ್ತು, ತೊಳೆದುಕೊಂಡು ಬರ್ರಿ ಎಂದು ಗದರಿಸಿದಳು. ತೊಳೆದುಕೊಂಡು ಓಡಿ ಬಂದೆ. ಈ ವಯಸ್ಸಿನಲ್ಲಿ ಓಡಿದೆ. ಎತ್ತಿಕೊಂಡರೆ ಕೂಸು ಕಣ್ಣು ಬಿಡದೆಯೇ ನನ್ನ ಅಂಗಿಯ ಗುಂಡಿ ಹಿಡಿಯಿತು. ಬಿಡಿಸಿದರೂ ಬಿಡಲಿಲ್ಲ. ನನಗೆ ಇನ್ನೇನು ಬೇಕು ಹೇಳಿ.

ಆಸ್ಪತ್ರೆಯಿಂದ ನೇರ ಮಿಠಾಯಿ ಅಂಗಡಿಗೆ ಹೋದೆ. ನಮ್ಮ ಇಂಡಿ ತಾಲೂಕಿನ ಕಡೆ ಗಂಡು ಹುಟ್ಟಿದರೆ ಪೇಡೆ ಹಂಚುತ್ತಾರೆ, ಹೆಣ್ಣು ಹುಟ್ಟಿದರೆ ಜಿಲೇಬಿ. ಹೆಣ್ಣು ಹುಟ್ಟಿದಾಗ ಎಷ್ಟೋ ಮನೆಯವರು ಜಿಲೇಬಿಯನ್ನೂ ಹಂಚುವುದಿಲ್ಲ, ಆ ಮಾತು ಬೇರೆ. ನಾನು ಜಿಲೇಬಿ ಕೇಳಿದ ಕೂಡಲೆ ಅಂಗಡಿಯವನ ಮುಖ ಇಳಿಯಿತು. "ಹೋಗ್ಲಿ ಬಿಡ್ರಿ ಕಾಕಾ, ಲಕ್ಷ್ಮಿ ಬಂದ್ಲು" ಎಂದ. ಹೋಗಲಿ ಬಿಡು ಎನ್ನುವುದು ಸತ್ತವರ ಮನೆಯಲ್ಲಿ ಆಡುವ ಮಾತು. ಇನ್ನಷ್ಟು ಕಟ್ಟು ಎಂದೆ.

ಇಷ್ಟು ಸಂತೋಷದಲ್ಲಿ ಇರುವವನು ಬರೆಯಲು ಯಾಕೆ ಕೂತೆ ಎಂದರೆ, ಈ ಸಂತೋಷದ ತಳದಲ್ಲಿ ಒಂದು ಕಹಿ ಇದೆ. ಅದನ್ನು ಯಾರ ಮುಂದೆಯೂ ಆಡಲಾರೆ. ನಾನು ಕಲಿತಿದ್ದು ಮೂರನೇ ಇಯತ್ತೆ. ಅಕ್ಷರ ಕೂಡಿಸಿ ಓದುತ್ತೇನೆ, ನಿಧಾನವಾಗಿ ಬರೆಯುತ್ತೇನೆ. ಹೆಸರು ಹಾಕುವುದಿಲ್ಲ. ಈ ಊರಿನಲ್ಲಿ ಹಿಟ್ಟಿನ ಗಿರಣಿ ಬಹಳ ಇವೆ, ಗಿರಣಿಯವರಿಗೆ ಹುಟ್ಟಿದ ವಕೀಲರೂ ಇದ್ದಾರೆ. ಯಾರದು ಎಂದು ಹುಡುಕಿಕೊಳ್ಳಲಿ.

ನನ್ನ ಮಗ ವಕೀಲ. ಹಿಟ್ಟಿನಲ್ಲೇ ಬೆಳೆದ ಹುಡುಗ. ಶಾಲೆಯಿಂದ ಬಂದು ಡಬ್ಬಿ ತೂಗಿ ಕೊಡುತ್ತಿದ್ದ. ಅವನು ಮೊದಲ ಸಲ ಕರಿ ಕೋಟು ಹಾಕಿಕೊಂಡ ದಿನ ನಾನು ಗಿರಣಿ ಬಂದ್ ಇಟ್ಟು ಕೋರ್ಟಿನ ಎದುರಿನ ಬೇವಿನ ಗಿಡದ ಕೆಳಗೆ ಸಂಜೆಯ ತನಕ ಕೂತಿದ್ದೆ. ಬರೀ ನೋಡುವುದಕ್ಕೆ.

ಬಸ್ ಸ್ಟ್ಯಾಂಡಿನ ಹತ್ತಿರ ಸೈಬರ್ ಸೆಂಟರ್ ಆದ ಮೇಲೆ ಅವನಿಗೆ ಇಂಟರ್‌ನೆಟ್ಟಿನ ಹುಚ್ಚು ಹತ್ತಿತು. ಅಲ್ಲಿ ಕನ್ನಡದವರದೇ ಒಂದು ಚರ್ಚೆಯ ಗುಂಪು ಇತ್ತಂತೆ. ಧಾರವಾಡದವರು, ಬೆಂಗಳೂರಿನವರು, ಹೊರದೇಶದಲ್ಲಿ ಇದ್ದವರು ಎಲ್ಲ ಸೇರಿ ಬರೆದು ಬರೆದು ಜಗಳಾಡುವುದು. ಹೊಲದ ಉತಾರ, ಅಂದರೆ ಪಹಣಿ, ಕಂಪ್ಯೂಟರಿಗೆ ಹೋಯಿತಲ್ಲ, ಅದರಲ್ಲಿ ತಪ್ಪು ಬಂದರೆ ತಿದ್ದುವ ಹೊಣೆ ಕಚೇರಿಯದೋ ರೈತನದೋ? ಮತ ಹಾಕುವ ಮಶೀನನ್ನು ಏಕೆ ನಂಬಬೇಕು? ಇಂಥವು. ಆಮೇಲೆ ಅವನು ಮನೆಗೇ ಕಂಪ್ಯೂಟರ್ ತಂದ. ಗಿರಣಿಗೆ ಹತ್ತಿದ ಕೋಣೆಯಲ್ಲಿ ಇಟ್ಟ. ಕರೆಂಟು ಬಂತೆಂದರೆ ಈ ಕಡೆ ನನ್ನ ಕಲ್ಲು ತಿರುಗುತ್ತಿತ್ತು, ಆ ಕಡೆ ಅವನ ಬೆರಳು. ಅವನು ಇಂಟರ್‌ನೆಟ್ಟಿನಲ್ಲಿ ಇರುವಷ್ಟು ಹೊತ್ತು ಫೋನು ಸತ್ತಿರುತ್ತಿತ್ತು. ಮುದ್ದೇಬಿಹಾಳದಿಂದ ನಮ್ಮ ಬೀಗರು, ನಿಮ್ಮ ಮನಿ ಫೋನ್ ಯಾವಾಗಲೂ ಕೆಟ್ಟೇ ಇರ್ತೈತೇನು ಎಂದು ಕೇಳುತ್ತಿದ್ದರು.

ಬರೆದದ್ದನ್ನು ಅವನು ಕಾಗದದ ಮೇಲೆ ತೆಗೆದು ಗಿರಣಿಗೆ ತರುತ್ತಿದ್ದ. ಕರೆಂಟು ಹೋದಾಗ ಡಬ್ಬಿ ಇಟ್ಟುಕೊಂಡು ಕಾಯುವವರು ಇರುತ್ತಾರಲ್ಲ, ಅವರಿಗೆ ಓದಿ ಹೇಳುತ್ತಿದ್ದ. ಕೋರ್ಟಿನಲ್ಲಿ ಅವನ ಮಾತು ಕೇಳುವುದಕ್ಕೆ ಹಿರಿಯ ವಕೀಲರು ಬಿಡುತ್ತಿರಲಿಲ್ಲ. ಗಿರಣಿಯಲ್ಲಿ ಎಲ್ಲರೂ ಕೇಳುತ್ತಿದ್ದರು. ಸೊಸೆ ಚಹಾ ತಂದವಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಆಮೇಲೆ ಖಾಲಿ ಕಪ್ಪು ತೆಗೆದುಕೊಂಡು ಹೋಗುತ್ತಿದ್ದಳು.

ಒಂದು ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಬಸುರಿಯರ ಹೊಟ್ಟೆಯ ಸ್ಕ್ಯಾನಿಂಗ್ ಮಶೀನಿನ ಮೇಲೆ. ಕೂಸು ಗಂಡೋ ಹೆಣ್ಣೋ ಹೇಳಬಾರದು ಎಂದು ಕಾನೂನು ಇದೆ. ಬೆಂಗಳೂರಿನ ಒಬ್ಬ ಡಾಕ್ಟರು, ಕಾನೂನು ಬರೆಯುವವರಿಗೆ ಯಂತ್ರ ಗೊತ್ತಿಲ್ಲ, ಹೀಗೆ ಯಂತ್ರಕ್ಕೆ ಕಟ್ಟುಪಾಡು ಹಾಕುತ್ತ ಹೋದರೆ ಹಳ್ಳಿಯ ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿದ್ದೂ ತಿಳಿಯದೆ ಹೋಗುತ್ತದೆ ಎಂದು ಬರೆದರಂತೆ. ನನಗೆ ಅದೂ ಸರಿ ಅನ್ನಿಸಿತು. ನನ್ನ ಮಗ ಅದಕ್ಕೆ ಕೊಟ್ಟ ಉತ್ತರ ಇನ್ನೂ ನನ್ನ ಕಿವಿಯಲ್ಲಿದೆ. ಯಂತ್ರ ನೋಡಲಿ, ಬೇಡ ಎಂದವರು ಯಾರು? ಯಂತ್ರಕ್ಕೆ ನಾಲಿಗೆ ಇಲ್ಲ. ನಾಲಿಗೆ ಇರುವುದು ಡಾಕ್ಟರಿಗೆ, ಕಿವಿ ಇರುವುದು ಗಂಡನಿಗೆ. ಕಾನೂನು ಆ ಎರಡರ ನಡುವೆ ನಿಲ್ಲಬೇಕು.

ಸಿಂದಗಿ ಕಡೆಯ ಮುದುಕ ಒಬ್ಬ ಜೋಳದ ಡಬ್ಬಿಯ ಮೇಲೆ ಕೂತಿದ್ದ. "ವಕೀಲ ಸಾಹೇಬ್ರ, ಯಂತ್ರಕ್ಕ ನಾಲಗಿ ಇಲ್ಲ ಅಂತೀರಿ. ನಿಮ್ಮಪ್ಪನ ಗಿರಣಿ ಮುಂಜಾನಿಂದ ಒದರತೈತಲ್ರಿ" ಎಂದ. ಎಲ್ಲರೂ ನಕ್ಕರು, ನನ್ನ ಮಗನೂ ನಕ್ಕ. ಆಮೇಲೆ ಕಾನೂನು ಬಿಡಿಸಿ ಹೇಳಿದ. ಬಾಯಿಂದ ಹೇಳಿದರೂ ತಪ್ಪು, ಸನ್ನೆ ಮಾಡಿದರೂ ತಪ್ಪು. ಕೆಲವು ಕಡೆ ಪೇಡೆ ಒಯ್ಯಿರಿ ಅನ್ನುತ್ತಾರೆ, ಇಲ್ಲವೆ ಜಿಲೇಬಿ ಒಯ್ಯಿರಿ ಅನ್ನುತ್ತಾರೆ, ಅದೂ ಹೇಳಿದಂತೆಯೇ. ಹೇಳಿದವನಿಗಷ್ಟೇ ಅಲ್ಲ, ಹೋಗಿ ಕೇಳಿದ ಗಂಡನಿಗೂ ಶಿಕ್ಷೆ ಇದೆ. ಗುಂಪಿನವರೆಲ್ಲ ಅವನಿಗೆ ಸಲಾಂ ಹೊಡೆದು ಬರೆದರು. ಆ ಡಾಕ್ಟರು ಕೂಡ, ನೀವು ಇಂಡಿಯಲ್ಲಿ ಕೂತಿರುವುದು ನಮ್ಮ ನಷ್ಟ ಎಂದು ಬರೆದರು. ಆ ಕಾಗದವನ್ನು ನಾನು ಗಿರಣಿಯ ಗೋಡೆಗೆ ಅಂಟಿಸಿದೆ. ಹಿಟ್ಟು ಕೂತು ಬೆಳ್ಳಗಾದರೆ ಒರೆಸಿ ಮತ್ತೆ ಓದುತ್ತಿದ್ದೆ.

ಆ ಕಾಗದ ಗೋಡೆಯ ಮೇಲೆ ಇದ್ದಾಗಲೇ ಸೊಸೆ ಮೂರನೆಯ ಸಲ ಬಸುರಾದಳು.

ಮೊದಲಿನ ಇಬ್ಬರೂ ಹೆಣ್ಣುಮಕ್ಕಳು. ನನ್ನ ಹೆಂಡತಿಗೆ ಗಂಡು ಮೊಮ್ಮಗ ಬೇಕಿತ್ತು. ಅವಳು ಅದನ್ನು ಮುಚ್ಚಿಟ್ಟವಳಲ್ಲ, ದೇವರ ಹಿಪ್ಪರಗಿಯ ಸಂತೆಯಲ್ಲಿ ನಿಂತು ಬೇಕಾದರೂ ಹೇಳುತ್ತಿದ್ದಳು. ಆದರೆ ಮಗನ ಬಾಯಿಯಿಂದ ಆ ಮಾತು ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಅಪ್ಪನ ಕಣ್ಣಿಗೆ ಪೊರೆ ಬಂದಂತಿದೆ, ಗಡಿಯಾಚೆ ದೊಡ್ಡ ಊರಿನಲ್ಲಿ ತೋರಿಸಿಕೊಂಡು ಬರುತ್ತೇವೆ, ಹೆಂಡತಿಯೂ ಬರಲಿ ಎಂದು ಓಣಿಯವರಿಗೆ ಹೇಳಿದ. ನನ್ನ ಕಣ್ಣು ಚೆನ್ನಾಗಿಯೇ ಇದ್ದವು. ಅವನು ಹೊರಟದ್ದು ಹೊಟ್ಟೆಯ ಸ್ಕ್ಯಾನಿಂಗಿಗೆ ಎಂದು ಒಂದು ಗಳಿಗೆಯಲ್ಲಿ ನನಗೆ ತಿಳಿಯಿತು.

ಅವನನ್ನು ಗಿರಣಿಯೊಳಗೆ ಕರೆದು, ಬೇಡ ಎಂದೆ. ಗೋಡೆಯ ಕಾಗದ ತೋರಿಸಿದೆ.

"ಅಪ್ಪಾ, ಅಲ್ಲಿ ಬರಿಯೂದು ಬ್ಯಾರೆ, ಮನ್ಯಾಗಿಂದು ಬ್ಯಾರೆ" ಎಂದ.

"ಹೆಣ್ಣು ಅಂದ್ರ ಏನ್ ಮಾಡ್ತೀಯೋ ತಮ್ಮಾ?"

ಅವನು ಜೀಪಿನ ಬಾಡಿಗೆಯ ರೊಕ್ಕ ಎಣಿಸತೊಡಗಿದ. ಅದೇ ಉತ್ತರ. ನಾನು ಬರುವುದಿಲ್ಲ ಎಂದೆ. ನೀ ಬರದಿದ್ದರೂ ನಾವು ಹೋಗುವವರೇ ಎಂದ. ಆಗ ಸೊಸೆ ಬಾಗಿಲಲ್ಲಿ ಬಂದು ನಿಂತು, ನೀವು ಬರ್ರಿ ಮಾವಾರ ಎಂದು ಒಂದೇ ಮಾತು ಆಡಿದಳು. ಅವಳ ಮುಖ ನೋಡಿ ಜೀಪು ಹತ್ತಿದೆ.

ಆ ಆಸ್ಪತ್ರೆಯಲ್ಲಿ ನನ್ನ ಕಣ್ಣನ್ನು ಯಾರೂ ನೋಡಲಿಲ್ಲ. ಮಗ ಯಾರ ಮೂಲಕವೋ ಮೊದಲೇ ಮಾತಾಡಿ ಇಟ್ಟಿದ್ದ. ಆದರೂ ವಕೀಲ ವಕೀಲನೇ. ಡಾಕ್ಟರ ಹತ್ತಿರ ಅವನು ಹೋಗಲಿಲ್ಲ, ಅಲ್ಲಿಯ ಆಳುಕಾಳಿನ ಸಂಗಡವೂ ಮಾತಾಡಲಿಲ್ಲ. ಯಾರ ಬಾಯಿಯ ಮಾತೂ ನೇರ ತನ್ನ ಕಿವಿಗೆ ಬೀಳಬಾರದು, ನಾಳೆ ಯಾರಾದರೂ ಕೇಳಿದರೆ ತಾನು ಏನೂ ಕೇಳಿಲ್ಲ ಅನ್ನಬೇಕು. ಹೆಂಡತಿಯನ್ನು ಒಬ್ಬಳನ್ನೇ ಒಳಗೆ ಕಳಿಸಿ ನನ್ನ ಪಕ್ಕ ಬೆಂಚಿನ ಮೇಲೆ ಕೂತ. ನನ್ನ ಮಗ, ನಾನು ಎತ್ತಿ ಆಡಿಸಿದವನು, ಅವನ ಪಕ್ಕ ಕೂಡಲು ನನಗೆ ಅಸಹ್ಯವಾಯಿತು.

ಸೊಸೆ ಸೆರಗು ಸರಿ ಮಾಡಿಕೊಳ್ಳುತ್ತ ಹೊರಗೆ ಬಂದಳು. ಅವನು ಎದ್ದು ನಿಂತ, ಕೇಳಲಿಲ್ಲ, ಬರೀ ನೋಡಿದ.

"ಪೇಡೆ ಒಯ್ಯಿರಿ ಅಂದ್ರು" ಎಂದಳು.

ಬರುವಾಗ ಝಳಕಿಯಲ್ಲಿ ಜೀಪು ನಿಲ್ಲಿಸಿ ರಸ್ತೆಯ ಪಕ್ಕದ ಹೊಟೇಲಿನಲ್ಲಿ ಮಗ ಪೇಡೆ ತೆಗೆದುಕೊಂಡ. ನನ್ನ ಕೈಗೂ ಒಂದು ಕೊಟ್ಟ. ನಾನು ಅದನ್ನು ಹೊಟೇಲಿನ ಗೋಡೆಯ ಮೇಲೆ ಇಟ್ಟುಬಂದೆ. ಸೊಸೆ ತನ್ನ ಪಾಲಿನದನ್ನು ತಿನ್ನದೆ ಸೆರಗಿಗೆ ಗಂಟು ಹಾಕಿದಳು. ಮನೆಗೆ ಬಂದು ಹುಡುಗಿಯರಿಬ್ಬರಿಗೂ ಅರ್ಧರ್ಧ ಮುರಿದು ಕೊಟ್ಟಳು.

ಅಂದಿನಿಂದ ಅವಳಿಗೆ ನಡೆದ ಉಪಚಾರ ನೋಡಬೇಕಿತ್ತು. ಅತ್ತೆ ತಾನೇ ಹಾಲು ಕಾಯಿಸಿ ಕೊಟ್ಟಳು, ನೀರಿನ ಕೊಡ ಎತ್ತಗೊಡಲಿಲ್ಲ. ಕುಬಸಕ್ಕೆ, ಅದೇ ಸೀಮಂತಕ್ಕೆ, ಸೀರೆ ತರಲು ಬಸವನ ಬಾಗೇವಾಡಿಯ ತನಕ ಹೋಗಿ ಬಂದಳು. ಮೊದಲಿನ ಎರಡು ಸಲ ಹಸಿರು ಬಳೆ ಇಡಿಸಿ ಮುಗಿಸಿದ್ದರು. ಸೊಸೆ ಎಲ್ಲಕ್ಕೂ ತಲೆ ತಗ್ಗಿಸಿ ಹೂಂ ಎನ್ನುತ್ತಿದ್ದಳು. ತಿಂಗಳು ತುಂಬುತ್ತ ಬಂದಂತೆ ಅವಳ ಮುಖದಲ್ಲಿ ಅಂಜಿಕೆ ಹೆಚ್ಚಾಯಿತು. ಹೆರಿಗೆಯ ಅಂಜಿಕೆ ಎಂದು ನಾವು ತಿಳಿದೆವು.

ಮಗ ಗುಂಪಿನಲ್ಲಿ ಬರೆಯುವುದನ್ನು ಬಿಡಲಿಲ್ಲ. ಬೆರಳಿನ ಸಪ್ಪಳ ಕೇಳುತ್ತಿತ್ತು. ಗಿರಣಿಗೆ ಕಾಗದ ತರುವುದನ್ನು ಮಾತ್ರ ಬಿಟ್ಟ. ಸಿಂದಗಿಯ ಮುದುಕ, ಏನ್ ಸಾಹೇಬ್ರ, ಕಾನೂನು ತೀರ್ತೇನು ಎಂದು ಕೇಳಿದರೆ, ಕಾಗದ ತೀರೇತಿ ಎಂದ. ಗೋಡೆಯ ಕಾಗದವನ್ನು ಒರೆಸುವುದನ್ನು ನಾನೂ ಬಿಟ್ಟೆ. ಈಗ ಅದರ ಮೇಲೆ ಒಂದು ಅಕ್ಷರವೂ ಕಾಣುವುದಿಲ್ಲ.

ಇನ್ನು ಹೆರಿಗೆಯಾದ ಮುಂಜಾನೆಯ ಮಾತು. ಕೂಸನ್ನು ಎತ್ತಿಕೊಂಡು ನಾನು ಕೋಣೆಯೊಳಗೆ ಹೋದಾಗ ನನ್ನ ಹೆಂಡತಿ ಗೋಡೆಗೆ ಆತು ನಿಂತಿದ್ದಳು. ಪೇಡೆ ಅಂದಿದ್ದರು ಅಂದೆಯಲ್ಲ ಎಂದು ಸೊಸೆಯನ್ನು ಕೇಳಿದಳು. ಮಗ ಬಾಗಿಲಲ್ಲಿದ್ದ.

"ಜಿಲೇಬಿ ಅಂದಿದ್ರು ಅತ್ತಿ. ನಾನ ಪೇಡೆ ಅಂದೆ."

ಮಗ, ನನಗೆ ಯಾಕೆ ಸುಳ್ಳು ಹೇಳಿದಿ ಎಂದ. ಸಣ್ಣ ದನಿಯಲ್ಲಿ ಕೇಳಿದ, ಕೋರ್ಟಿನ ದನಿಯಲ್ಲಲ್ಲ.

"ಖರೇ ಹೇಳಿದ್ರ ಇಕಿ ಎಲ್ಲಿರ್ತಿದ್ಲ್ರಿ?" ಎಂದಳು ಸೊಸೆ. ಆಮೇಲೆ ಉಸಿರು ತೆಗೆದುಕೊಂಡು ಹೇಳಿದಳು: "ಕೇಳಿದ ಗಂಡಗೂ ಶಿಕ್ಷಾ ಐತಿ ಅಂತ ನೀವ ಗಿರಣ್ಯಾಗ ಓದಿದ್ರಿ. ನೀವು ಒಳಗ ಹೋಗಿ ಕೇಳಾಂಗಿಲ್ಲ ಅಂತ ನನಗ ಗೊತ್ತಿತ್ತು."

ಅವನು ಹೊರಗೆ ಹೋದ. ಆ ಚರ್ಚೆಯಿಂದ ನಾಡಿಗೆ ಏನಾಯಿತೋ ನಾನು ಅರಿಯೆ. ಅದರಲ್ಲಿ ಒಂದು ಮಾತನ್ನು ನಂಬಿದವಳು, ಗುಂಪಿನಲ್ಲಿ ಹೆಸರೂ ಇಲ್ಲದ ನನ್ನ ಸೊಸೆ. ಬರೆದವನೇ ನಂಬಿರಲಿಲ್ಲ. ಅವನು ಅಂಜಿದ್ದು ಶಿಕ್ಷೆಗೆ, ಪಾಪಕ್ಕಲ್ಲ. ಆ ಅಂಜಿಕೆಯ ಸಂದಿನಲ್ಲಿ ನನ್ನ ಮೊಮ್ಮಗಳು ನುಸುಳಿ ಬಂದಳು.

ಮಧ್ಯಾಹ್ನ ಕರೆಂಟು ಬಂದಿತ್ತು. ಬಾಣಂತಿಯ ಸಜ್ಜಕಕ್ಕೆ ಗೋಧಿ ಒಡೆಯಲೆಂದು ಗಿರಣಿಗೆ ಹೋದೆ. ಪಕ್ಕದ ಕೋಣೆಯಲ್ಲಿ ಬೆರಳಿನ ಸಪ್ಪಳ. ಅವನ ಹಿಂದೆ ಹೋಗಿ ನಿಂತೆ. ಅಕ್ಷರ ಕೂಡಿಸಿ ಓದಿದೆ. "ಮೂರನೆಯ ಮಗಳನ್ನು ಹೆಮ್ಮೆಯಿಂದ ಬರಮಾಡಿಕೊಂಡಿದ್ದೇನೆ. ಕಾನೂನು ಮೊದಲು ನಮ್ಮ ನಮ್ಮ ಮನೆಯಲ್ಲಿ ಜಾರಿಯಾಗಬೇಕು." ಅದರ ಕೆಳಗೆ ಆಗಲೇ ಸಲಾಂಗಳು ಬರಲು ಹತ್ತಿದ್ದವು.

"ಇದು ಖರೇ ಏನೋ ತಮ್ಮಾ?" ಎಂದೆ.

"ಕೂಸು ಖರೇ ಐತಲ್ಲಪ್ಪಾ" ಎಂದ. ತಿರುಗಿ ನೋಡಲಿಲ್ಲ.

ಕೈಯಲ್ಲಿ ಗೋಧಿಯ ಡಬ್ಬಿ ಇತ್ತು. ಹೋಗಿ ಗಿರಣಿ ಚಾಲೂ ಮಾಡಿದೆ. ಆ ಸಪ್ಪಳದಲ್ಲಿ ಅವನ ಬೆರಳು ಕೇಳಿಸಲಿಲ್ಲ.

ಸಂಜೆ ನನ್ನ ಹೆಂಡತಿ ಆಸ್ಪತ್ರೆಗೆ ಬುತ್ತಿ ಕಟ್ಟಿದಳು. ಮುಂಜಾನೆ ಕೂಸನ್ನು ಮುಟ್ಟದೆ ಮನೆಗೆ ಬಂದಿದ್ದಳು. ಆದರೂ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಚಟ್ನಿ, ಮೊಸರು, ಸೊಸೆಗೆ ತುಪ್ಪ ಸುರಿದ ಸಜ್ಜಕ, ಎಲ್ಲ ಮಾಡಿದ್ದಳು. ಕೋಣೆಗೆ ಹೋದವಳೇ ಕೂಸನ್ನು ಎತ್ತಿ ದೀಪದ ಕಡೆ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. "ನೋಡ್ರಿ, ಮೂಗು ನಂದ ಬಂದೈತಿ. ಇದರ ಮದಿವಿ ಯಾರ ಮಾಡ್ತಾರೊ" ಎಂದಳು. ಸೊಸೆ ಆ ದಿನ ಮೊದಲ ಸಲ ನಕ್ಕಳು.

ನೆಲದ ಮೇಲೆ ಚಾಪೆ ಹಾಸಿ ಕೂತೆವು. ಸೊಸೆ ಮಂಚದ ಮೇಲೆ, ಹುಡುಗಿಯರಿಬ್ಬರು ನನ್ನ ಎರಡೂ ಮಗ್ಗುಲಿಗೆ. ದೊಡ್ಡವಳು ಹೊರಗೆ ಹೋಗಿ ಅಪ್ಪನ ಕೈ ಹಿಡಿದು ಎಳೆದುಕೊಂಡು ಬಂದಳು. ಅವನ ಕಿಸೆಯಲ್ಲಿ ಮಡಚಿದ ಕಾಗದ ಇತ್ತು. ಸಲಾಂಗಳ ಕಾಗದವೇ ಇರಬೇಕು. ತೆಗೆಯಲು ಕೈ ಹಾಕಿದವನು ಹೆಂಡತಿಯ ಮುಖ ನೋಡಿ ತೆಗೆಯಲಿಲ್ಲ. ಅವನ ಅವ್ವ ರೊಟ್ಟಿ ಹಾಕಿದಳು, ಅವನು ಮುರಿದ.

ನಾನು ಜಿಲೇಬಿಯ ಪೊಟ್ಟಣ ಬಿಚ್ಚಿದೆ. ಹುಡುಗಿಯರಿಗೆ ಹಾಕಿದೆ, ಹೆಂಡತಿಗೆ ಹಾಕಿದೆ, ಸೊಸೆಗೆ ಸಣ್ಣದೊಂದು ಚೂರು ಕೊಟ್ಟೆ. ಮಗನ ತಾಟಿನ ಹತ್ತಿರ ಬಂದಾಗ ಅವನು ಕೈ ಅಡ್ಡ ಹಿಡಿದು, ಬೇಡಪ್ಪಾ ಎಂದ.

"ಹಾಕ್ರಿ ಮಾವಾರ" ಎಂದಳು ಸೊಸೆ ಮಂಚದ ಮೇಲಿಂದ. "ಅವ್ರು ಅಷ್ಟ ದೂರ ಕೇಳಾಕ ಹೋಗಿದ್ದು ಇದನ್ನ."

ಅವನು ಕೈ ತೆಗೆದ. ನಾನು ಎರಡು ಹಾಕಿದೆ. ಅವನು ತಲೆ ಎತ್ತದೆ ತಿಂದ, ಎರಡನ್ನೂ ತಿಂದ. ಕೂಸು ಮಲಗಿತ್ತು. ನನ್ನ ಬೆರಳಿಗೆ ಪಾಕ ಅಂಟಿತ್ತು, ಅದೇ ಕೈಯಿಂದ ರೊಟ್ಟಿ ಮುರಿದುಕೊಂಡು ಹಿಂಡಿ ಹಚ್ಚಿಕೊಂಡು ತಿಂದೆ. ಯಾರಿಗೆ ಇನ್ನೊಂದು ರೊಟ್ಟಿ ಬೇಕು ಎಂದು ನನ್ನ ಹೆಂಡತಿ ಕೇಳುತ್ತಿದ್ದಳು.