ಎಲೆ ಇಲ್ಲದ ವಾರ

ಅವ್ವಮ್ಮನಿಗೆ ಬರಬೇಕಾದ ಮೂರು ವಾರದ ಬೀಡಿ ಮಜೂರಿ ಇವತ್ತಿಗೂ ಬಂದಿಲ್ಲ. ಕೊಡಬೇಕಾದವನು ಧರ್ಣಪ್ಪ, ಮನೆಮನೆಗೆ ಎಲೆ ಕೊಟ್ಟು ಬೀಡಿ ಕಟ್ಟಿಸುವ ಪಾಣೆಮಂಗಳೂರಿನ ಬೀಡಿ ಬ್ರಾಂಚಿನ ಕಂತ್ರಾಟುದಾರ.

ನೇತ್ರಾವತಿಯಲ್ಲಿ ದೋಣಿ ನಡೆಸುತ್ತಿದ್ದ ಗಂಡ ಹಾಜಬ್ಬ ಜ್ವರದಲ್ಲಿ ಹೋದ ಮೇಲೆ ಅವಳಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಬೀಡಿಯೇ ಗಂಜಿ. ಬೆಳಿಗ್ಗೆ ಮೊರ ಮಡಿಲಲ್ಲಿಟ್ಟು ಕೂತರೆ ಏಳುವುದು ಕತ್ತಲಾದ ಮೇಲೆ. ಆದರೆ ಎಲೆ, ಮಜೂರಿ ಬರೆಯುವ ಬ್ರಾಂಚಿನ ಕಾರ್ಡಿನಲ್ಲಿದ್ದ ಹೆಸರು ಮಾತ್ರ ಹಾಜಬ್ಬನದೇ. ಬದಲಿಸಿ ಕೊಡಿ ಎಂದರೆ ಧರ್ಣಪ್ಪ, "ಹೆಂಗಸರ ಹೆಸರು ಕಂಪೆನಿ ಒಪ್ಪುವುದಿಲ್ಲ ಮಾರಾಯ್ತಿ" ಅನ್ನುತ್ತಿದ್ದ. ಕಾರ್ಡಿನ ಲೆಕ್ಕದಲ್ಲಿ ಮಣ್ಣಿನಡಿ ಮಲಗಿದವನು ಬೀಡಿ ಕಟ್ಟುತ್ತಿದ್ದ. ಮೊರ ಹಿಡಿದವಳು ಯಾರೂ ಅಲ್ಲ.

ಸಾವಿರದ ಒಂಬೈನೂರ ಅರವತ್ತೈದರಲ್ಲಿ ಬೀಡಿ ಕೆಲಸದವರ ಸಂಘದವರು ಮನೆಮನೆಗೆ ಬಂದು ಹೇಳಿದರು: ಬೀಡಿ ಕೆಲಸದವರ ಲೆಕ್ಕ ತೆಗೆಯಲು ಸರಕಾರದವರು ಬರುತ್ತಾರೆ, ಲೆಕ್ಕಕ್ಕೆ ಸೇರಿದರೆ ಸ್ವಂತ ಹೆಸರಿನ ಕಾರ್ಡು ಕೇಳಬಹುದು. ಅವ್ವಮ್ಮನಿಗೆ ಬೇಕಾದ್ದೂ ಅಷ್ಟೆ.

ಸರ್ವೆಗೆ ಮುಂಚಿನ ವಾರ ಬ್ರಾಂಚಿನಲ್ಲಿ ಬೀಡಿ ಎಲೆ ಇಲ್ಲ. "ಲಾರಿ ಚಾರ್ಮಾಡಿ ಘಾಟಿಯಲ್ಲಿ ಕೆಟ್ಟು ನಿಂತಿದೆ" ಎಂದ ಧರ್ಣಪ್ಪ. ಇಡೀ ಕೇರಿ ಕೈಕಟ್ಟಿ ಕೂತಿತು. ಮರುವಾರ ಸರ್ವೆಯ ಗುಮಾಸ್ತ ಬಂದ. ಧರ್ಣಪ್ಪನ ಮನೆಯಲ್ಲಿ ಮೀನಿನ ಊಟ, ಅವನದೇ ಚಾವಡಿಯಲ್ಲಿ ನಿದ್ದೆ, ಮನೆ ತೋರಿಸಲು ಮುಂದೆ ನಡೆಯುವವನೂ ಅವನೇ.

"ಕಳೆದ ಏಳು ದಿನಗಳಲ್ಲಿ ಏನು ಕೆಲಸ ಮಾಡಿದ್ದೀರಿ?" ಅವ್ವಮ್ಮನ ಜಗಲಿಯಲ್ಲಿ ನಿಂತು ಗುಮಾಸ್ತ ಕೇಳಿದ.

"ಎಲೆ ಕೊಡಲಿಲ್ಲ ಸಾಹೇಬ್ರೆ. ಕೊಟ್ಟಿದ್ದರೆ ಕಟ್ಟುತ್ತಿದ್ದೆ."

"ಅಂದರೆ ಮಾಡಿಲ್ಲ."

"ಅದರ ಹಿಂದಿನ ವಾರ ಕೇಳಿ. ಹಿಂದಿನ ವರ್ಷ ಕೇಳಿ."

"ಫಾರ್ಮಿನಲ್ಲಿ ಏಳೇ ದಿನ ಇರುವುದಮ್ಮ."

ಅವ್ವಮ್ಮ ಎರಡೂ ಕೈ ಅವನ ಮೂಗಿನ ಮುಂದೆ ಹಿಡಿದಳು. ಕತ್ತರಿ ಹಿಡಿದು ಹೆಬ್ಬೆರಳು ಜಡ್ಡುಗಟ್ಟಿತ್ತು, ಉಗುರೊಳಗೆ ಹೊಗೆಸೊಪ್ಪು ಕಪ್ಪಾಗಿ ಕೂತಿತ್ತು. "ಇದು ಏಳು ದಿನದ್ದಾ? ಮೂಸಿ ನೋಡಿ."

ಧರ್ಣಪ್ಪ ನಕ್ಕ. "ಬಿಡುವಿನಲ್ಲಿ ಒಂದಿಷ್ಟು ಕಟ್ಟುತ್ತಾರೆ ಸಾರ್. ಹೊತ್ತು ಹೋಗಬೇಕಲ್ಲ."

"ನಿಮ್ಮ ಹೊಸ ಮನೆಗೆ ಹಂಚು ಹಾಕಿದ್ದು ಯಾರ ಬಿಡುವಿನಲ್ಲಿ ಧರ್ಣಪ್ಪಣ್ಣ?"

ಗುಮಾಸ್ತ ಮೂಸಲಿಲ್ಲ, ತಲೆ ಎತ್ತಲೂ ಇಲ್ಲ. ಕೆಲಸವಿಲ್ಲ ಎಂದು ಗೀಚಿ ಮುಂದಿನ ಮನೆಗೆ ಹೋದ.

ಅವನು ಬಸ್ಸು ಹತ್ತಿದ ಮಾರನೇ ದಿನ ಎಲೆ ಬಂತು. ಅವ್ವಮ್ಮ ಮತ್ತೆ ಮೂರು ವಾರ ಕಟ್ಟಿ ಕೊಟ್ಟಳು. ಧರ್ಣಪ್ಪ ಮಜೂರಿಯನ್ನು ನಾಳೆ ನಾಡಿದ್ದು ಎಂದು ತಳ್ಳಿದ. ಅಷ್ಟರಲ್ಲಿ ಮೂಡಬಿದ್ರೆಗೆ ಕೊಟ್ಟ ತಂಗಿ ಖದೀಜ ಬಂದಳು. ಮಾತಿಗೆ ಮಾತು ಬಂದು, "ನಮ್ಮಲ್ಲಿಯೂ ಸರ್ವೆಗೆ ಮುಂಚಿನ ವಾರ ಲಾರಿ ಘಾಟಿಯಲ್ಲೇ ನಿಂತಿತ್ತು" ಎಂದಳು. ವಿಚಾರಿಸಿದರೆ ಬೆಳ್ತಂಗಡಿಯಲ್ಲೂ ಅದೇ ಕತೆ. ಎಂಥಾ ಲಾರಿ ನೋಡಿ! ಸರ್ವೆಯವರು ಬರುವಾಗ ಕೆಡುತ್ತದೆ, ಹೋದ ಕೂಡಲೇ ಓಡುತ್ತದೆ.

ಅವ್ವಮ್ಮ ಇದನ್ನು ಬ್ರಾಂಚಿನ ಬಾಗಿಲಲ್ಲೇ ನಿಂತು ಎಲ್ಲ ಹೆಂಗಸರ ಎದುರು ಹೇಳಿದಳು. ಆ ದಿನದಿಂದ ಅವಳಿಗೆ ಎಲೆ ಬಂದ್. ಬಾಕಿ ಕೇಳಿದ್ದಕ್ಕೆ ಧರ್ಣಪ್ಪ, "ಕಾರ್ಡು ಹಾಜಬ್ಬನದ್ದು. ಅವನೇ ಬಂದು ಕೇಳಲಿ" ಎಂದ. ಈಗ ಅವಳು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಾಳೆ.

ಸರ್ವೆಯ ಮರುವರ್ಷ ಅದರ ವರದಿ ಅಚ್ಚಾಯಿತು: ಈ ಕಡೆ ಹೆಂಗಸರು ಬೀಡಿ ಕಟ್ಟುವುದು ಬಿಡುವಿನ ವೇಳೆಯಲ್ಲಿ ಮಾತ್ರ. ಮಾತು ಧರ್ಣಪ್ಪನದು, ಶಾಯಿ ಸರಕಾರದ್ದು. ಓದಿದರೆ ಉಗುಳಬೇಕು ಅನಿಸುತ್ತದೆ.

ಅಧಿಕಾರಿಗಳೇ, ಮೇಷ್ಟ್ರುಗಳೇ, ಆ ವರದಿ ನಿಮ್ಮ ಕಚೇರಿಯ, ಕಾಲೇಜಿನ ಕಪಾಟಿನಲ್ಲಿ ಉಂಟು. ಅದನ್ನು ನೋಡಿಯೇ ನೀವು ಬರೆಯುತ್ತೀರಿ, ಭಾಷಣ ಹೊಡೆಯುತ್ತೀರಿ. ಮೊದಲು ಆ ಸಾಲು ಹೊಡೆದು ಹಾಕಿ. ಎಲೆ ಇರುವ ವಾರ, ಕಂತ್ರಾಟುದಾರನನ್ನು ಜೊತೆಗೆ ಕಟ್ಟಿಕೊಳ್ಳದೆ, ಆ ಕೇರಿಗೆ ಹೋಗಿ ಹೆಂಗಸರನ್ನೇ ಕೇಳಿ. ಹಾಜಬ್ಬ ಎದ್ದು ಬರುವುದಿಲ್ಲ. ನೀವು ಹೋಗಿ ಆ ಮೂರು ವಾರದ ಮಜೂರಿಯನ್ನು ಅವ್ವಮ್ಮನ ಹೆಸರಿಗೆ, ಅವಳ ಕೈಗೇ ಕೊಡಿಸಿ.