ಸೊಪ್ಪಿನ ಸಪ್ಪಲಮ್ಮ ಹುಡುಕಿದ ಅಂಕಣ

ಸಪ್ಪಲಮ್ಮನ ಬಾಯಿಗೆ ಹೆದರುವವರು ಬಸವನಗುಡಿಯ ಆ ಅಡ್ಡರಸ್ತೆಯಲ್ಲಿ ಬಹಳ ಮಂದಿ ಇದ್ದಾರೆ. ಅವಳ ಸೊಪ್ಪನ್ನು ಬಿಟ್ಟಿರಲಾರದವರು ಅದಕ್ಕಿಂತ ಹೆಚ್ಚು. ದಂಟು, ಮೆಂತ್ಯ, ಚಕ್ಕೋತ, ಸಬ್ಬಸಿಗೆ, ಎಲ್ಲವನ್ನೂ ತಳ್ಳುಗಾಡಿಯ ಮೇಲೆ ಜೋಡಿಸಿ, ಒದ್ದೆ ಗೋಣಿ ಹೊದಿಸಿ ಬೆಳಿಗ್ಗೆಯೇ ನಿಂತಿರುತ್ತಾಳೆ. ಕಟ್ಟು ಬಿಚ್ಚಿ, ಮೂಸಿ, ಮತ್ತೆ ಅಲ್ಲೇ ಇಟ್ಟು ಹೋಗುವವರನ್ನು ಸುಮ್ಮನೆ ಬಿಡುವವಳಲ್ಲ. ಹೆಣ್ಣು ನೋಡೋಕೆ ಬಂದ್ರಾ, ಸೊಪ್ಪು ತಗೊಳ್ಳೋಕೆ ಬಂದ್ರಾ ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಾಳೆ. ಅದೇ ಬಾಯಿ, ಯಾರ ಮನೆಯಲ್ಲಾದರೂ ಬಾಣಂತಿ ಇದ್ದಾಳೆಂದು ತಿಳಿದರೆ, ಕರೆದು ಸಬ್ಬಸಿಗೆ ಕಟ್ಟನ್ನು ಚೀಲಕ್ಕೆ ಹಾಕಿ, ಹಾಲು ಚೆನ್ನಾಗಿ ಬರುತ್ತೆ ಎಂದು ಹೇಳಿ ಕಳಿಸುತ್ತದೆ.

ಆ ಮೂಲೆ ಅವಳ ಅತ್ತೆಯದು. ಅತ್ತೆ ಮಂಕರಿ ಹೊತ್ತು ತಂದು ಅಲ್ಲಿ ಕೂರುತ್ತಿದ್ದಳು. ಸೊಸೆಯ ಕಾಲಕ್ಕೆ ಮಂಕರಿ ಹೋಗಿ ಗಾಡಿ ಬಂತು. ಎದುರಿನ ಹೆಂಚಿನ ಬಂಗಲೆ ಹೋಗಿ ಫ್ಲ್ಯಾಟು ಬಂತು. ಸಪ್ಪಲಮ್ಮ ಮಾತ್ರ ಕದಲಲಿಲ್ಲ. ಬೀದಿ ವ್ಯಾಪಾರಿಯ ಗುರುತಿನ ಚೀಟಿ ಅವಳ ಕೊರಳಲ್ಲಿ ತಾಳಿಯ ಜೊತೆಗೇ ತೂಗುತ್ತದೆ. ಗಂಡ ಅಶ್ವತ್ಥಪ್ಪ ನಸುಕಿಗೇ ಮಾರ್ಕೆಟ್ಟಿನಿಂದ ಸೊಪ್ಪು ತಂದು ಹಾಕಿ, ಚಾಮರಾಜಪೇಟೆಯ ಮನೆಗೆ ಹೋಗಿ ಮಲಗುತ್ತಾನೆ. ಮಗ ಹರಿಕೃಷ್ಣ ಸಿಟಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಆಯ್ಕೆಯಾಗಿದ್ದ. ಇವನ ಮೇಲೆ ಕೇಸೇನೂ ಇಲ್ಲ ಎಂದು ಪೊಲೀಸರು ಬರೆದುಕೊಟ್ಟರೆ ಸ್ಟೇರಿಂಗ್ ಹಿಡಿಯುವುದಷ್ಟೇ ಬಾಕಿ ಇತ್ತು.

ಅಂಥ ಹೊತ್ತಿನಲ್ಲಿ ಗೌರೀಶ್ ಎಂಬಾತ ಆ ಫ್ಲ್ಯಾಟಿನ ಕೆಳಮನೆ ಕೊಂಡು ಬಂದ. ಅವನಿಗೆ ಕಾರು ಎರಡು, ಗೇಟಿನೊಳಗೆ ಜಾಗ ಒಂದಕ್ಕೆ. ಎರಡನೆಯದಕ್ಕೆ ಸಪ್ಪಲಮ್ಮನ ಮೂಲೆ ಕಣ್ಣಿಗೆ ಬಿತ್ತು. ಮೊದಲು ಅಲ್ಲಿ ಹೂಕುಂಡಗಳನ್ನು ಇಟ್ಟು ನೋಡಿದ. ಅವಳು ಎತ್ತಿ ಗೋಡೆಯ ಪಕ್ಕಕ್ಕಿಟ್ಟಳು. ಆಮೇಲೆ ಬೈದು ನೋಡಿದ. ಬೈಗುಳದಲ್ಲಿ ಸಪ್ಪಲಮ್ಮನನ್ನು ಗೆಲ್ಲುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಬೀದಿಗಿಳಿದು ಬಂದು ಎರಡೂ ಕೈಯಿಂದ ಗಾಡಿಯನ್ನು ತಳ್ಳಿದ. ಗಾಡಿ ಮೋರಿಗೆ ಮಗುಚಿತು, ಸೊಪ್ಪೆಲ್ಲ ಕೊಚ್ಚೆಯ ಪಾಲಾಯಿತು, ಹಿಡಿಯಲು ಹೋದ ಸಪ್ಪಲಮ್ಮನ ಮೊಣಕೈ ತರಚಿ ರಕ್ತ ಬಂತು. ತಾಯಿಗೆ ತಿಂಡಿ ತಂದಿದ್ದ ಹರಿಕೃಷ್ಣ ಡಬ್ಬಿಯನ್ನು ಅಲ್ಲೇ ಬಿಟ್ಟು ಗೌರೀಶನ ಕೊರಳಪಟ್ಟಿ ಹಿಡಿದ. ಹೊಡೆಯಲಿಲ್ಲ. ಹೊಡೆದಿದ್ದರೂ, ಹೆತ್ತ ತಾಯಿ ಮೋರಿಯ ಪಕ್ಕ ಬಿದ್ದಿರುವಾಗ ಯಾವ ಮಗ ಕೈಕಟ್ಟಿ ನಿಲ್ಲುತ್ತಾನೆ?

ಠಾಣೆಯಲ್ಲಿ ಗೌರೀಶನಿಗೆ ಕುರ್ಚಿ ಸಿಕ್ಕಿತು, ಕಾಫಿ ಸಿಕ್ಕಿತು. ಸಪ್ಪಲಮ್ಮನಿಗೆ ಒರಗಲು ಗೋಡೆ ಸಿಕ್ಕಿತು. ತಾನು ಗೇಟಿನೊಳಗೆ ಗಿಡಕ್ಕೆ ನೀರು ಹಾಕುತ್ತಿದ್ದೆ, ಬೀದಿಗೆ ಕಾಲೇ ಇಟ್ಟಿಲ್ಲ, ಈ ಹುಡುಗ ಒಳಗೆ ನುಗ್ಗಿ ಹೊಡೆದ ಎಂದು ಅವನು ಬರೆಸಿದ. ಅಷ್ಟನ್ನೂ ಪೊಲೀಸರು ಒಂದಕ್ಷರ ಬಿಡದೆ ಬರೆದುಕೊಂಡರು. ಗಾಡಿ ಯಾಕೆ ಮಗುಚಿತು ಎಂದರೆ, ಚಕ್ರ ಸರಿ ಇಲ್ಲದೆ ತಾನೇ ಮಗುಚಿತಂತೆ. ಗೇಟಿನ ಕ್ಯಾಮೆರಾ ನೋಡಿ ಎಂದು ಸಪ್ಪಲಮ್ಮ ಬೇಡಿಕೊಂಡರೆ, ಅದು ಸರಿಯಾಗಿ ಅವತ್ತೇ ಕೆಟ್ಟಿತ್ತಂತೆ. ಕ್ಯಾಮೆರಾಗಳಿಗೂ ಒಳ್ಳೆಯ ಮುಹೂರ್ತ ಗೊತ್ತಾಗುತ್ತದೆ ನೋಡಿ. ಕಣ್ಣಾರೆ ಕಂಡವರು ಬೀದಿಯಲ್ಲಿ ಇರಲಿಲ್ಲವೆಂದಲ್ಲ. ಸಾಕ್ಷಿ ಹೇಳಿ ಎಂದ ಕೂಡಲೇ ಎಲ್ಲರಿಗೂ ಒಲೆಯ ಮೇಲಿಟ್ಟು ಬಂದ ಹಾಲು ನೆನಪಾಯಿತು. ಮಗನ ಮೇಲೆ ಕೇಸಾಯಿತು. ಸಪ್ಪಲಮ್ಮನ ದೂರನ್ನು ಯಾರೂ ಬರೆದುಕೊಳ್ಳಲಿಲ್ಲ. ಎಷ್ಟು ಸಲ ಹೋದರೂ ಸಾಹೇಬರು ಇಲ್ಲ, ನಾಳೆ ಬಾ ಎಂಬ ಒಂದೇ ರಾಗ.

ಹೀಗಿರುವಾಗ ಎದುರು ಸಾಲಿನ ಸರಸ್ವತಮ್ಮ ಒಂದು ದಿನ ಸೊಪ್ಪಿಗೆ ಬಂದವರು, ಸಪ್ಪಲಮ್ಮನ ಕೈಹಿಡಿದು ಸುದ್ದಿ ಹೇಳಿದರು. "ನಿನ್ನ ವಿಷಯ ಪೇಪರಲ್ಲಿ ಬಂದಿದೆ ಕಣೆ. ಪೊಲೀಸರನ್ನ ಚೆನ್ನಾಗಿ ಝಾಡಿಸಿದಾರೆ." ಪಾರ್ಕಿನಲ್ಲಿ ವಾಕಿಂಗಿಗೆ ಬರುವ ಯಾರದೋ ಫೋನಿನಲ್ಲಿ ಅವರು ತಲೆಬರಹವನ್ನು ಕಂಡಿದ್ದರು: 'ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ: ಪೊಲೀಸರ ಪಕ್ಷಪಾತ'. ಬರೆದವರು ಚಕ್ರಪಾಣಿ, ವಾರವಾರವೂ ಅಂಕಣ ಬರೆಯುವ ದೊಡ್ಡ ಹೆಸರಿನವರು. ಸುಣ್ಣ ಯಾರ ಕಣ್ಣಿಗೆ ಬಿದ್ದಿದೆಯೆಂದು ಬೀದಿಯ ವ್ಯಾಪಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೂವಿನವಳು ಸಪ್ಪಲಮ್ಮನ ತಲೆಗೆ ಕನಕಾಂಬರ ಮುಡಿಸಿದಳು. ಎಳನೀರಿನವನು ಎಲ್ಲರಿಗೂ ಎಳನೀರು ಕೊಚ್ಚಿಕೊಟ್ಟ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಅಂಕಣವನ್ನು ಓದಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಮಗನ ಕೇಸು ಹಿಡಿದಿದ್ದ ಚಾಮರಾಜಪೇಟೆಯ ವಕೀಲರು ಸುದ್ದಿ ಕೇಳಿ ಹುರುಪಾದರು. ಅಚ್ಚಾದ ಹಾಳೆಯನ್ನೇ ತನ್ನಿ, ಮೇಲಧಿಕಾರಿಗಳಿಗೆ ಅರ್ಜಿಯ ಜೊತೆ ಲಗತ್ತಿಸೋಣ, ಪೇಪರಿನಲ್ಲಿ ಬಂದ ಮೇಲೆ ಅವರೂ ಸುಮ್ಮನೆ ಕೂರಲಾಗುವುದಿಲ್ಲ ಎಂದರು. ಹರಿಕೃಷ್ಣನ ಕೆಲಸದ ಕಾಗದ ಪರಿಶೀಲನೆಗೆ ಠಾಣೆಗೆ ಬರುವ ಮುಂಚೆ ಆಗಬೇಕು ಎಂದೂ ಎಚ್ಚರಿಸಿದರು. ಹೀಗೆ ಶುರುವಾಯಿತು ಸಪ್ಪಲಮ್ಮನ ಬೇಟೆ.

ಮೊದಲು ಹರಿಕೃಷ್ಣ ಫೋನಿನಲ್ಲಿ ಹುಡುಕಿದ. ತಲೆಬರಹ ಸಿಕ್ಕಿತು, ಅದರ ಕೆಳಗೆ ಎರಡು ವಾಕ್ಯವೂ ಸಿಕ್ಕಿತು. ಬಸವನಗುಡಿಯ ಬೀದಿಯೊಂದರಲ್ಲಿ ನಡೆದದ್ದನ್ನು ಕಂಡರೆ ನಮ್ಮ ಪೊಲೀಸರು ಕಾನೂನನ್ನು ಕಿಸೆಯಲ್ಲಿಟ್ಟುಕೊಂಡಿದ್ದಾರೆ ಎನಿಸುತ್ತದೆ, ನ್ಯಾಯ ಕೇಳಿದವರೇ ಅಪರಾಧಿಗಳಾಗುವ ಕಾಲ ಇದು ಎಂದಿತ್ತು. ಓದಿ ತಾಯಿ-ಮಗ ಇಬ್ಬರಿಗೂ ಕಣ್ಣು ತುಂಬಿತು. ಮುಂದಕ್ಕೆ ಓದಬೇಕಾದರೆ ಚಂದಾದಾರರಾಗಿ ಎಂದು ಪರದೆ ಬಿತ್ತು. ಹೇಗೂ ವಕೀಲರು ಕೇಳಿದ್ದು ಅಚ್ಚಾದ ಹಾಳೆ ತಾನೇ ಎಂದು ಸಪ್ಪಲಮ್ಮ ಶೀನಣ್ಣನ ಬಳಿಗೆ ಹೋದಳು.

ಶೀನಣ್ಣ ಆ ಕಡೆಗೆಲ್ಲ ಪೇಪರ್ ಹಂಚುವವನು. ಮಾರಾಟವಾಗದ ಪ್ರತಿಗಳು ಆವತ್ತೇ ವಾಪಸ್ ಹೋಗುತ್ತವೆ ಎಂದು ಕೈಯಾಡಿಸಿ, ಲೈಬ್ರರಿಯ ದಾರಿ ತೋರಿಸಿದ. ಲೈಬ್ರರಿಯಲ್ಲಿ ಆ ದಿನದ ಪೇಪರೇನೋ ಇತ್ತು, ನಡುವಿನ ಹಾಳೆಗೆ ಮಾತ್ರ ಕಿಟಕಿಯಾಗಿತ್ತು. ಸರ್ಕಾರಿ ಪರೀಕ್ಷೆಗೆ ಓದುವವರು ಅಂಕಣಗಳನ್ನು ಬ್ಲೇಡಿನಲ್ಲಿ ಕೊಯ್ದುಕೊಂಡು ಹೋಗುತ್ತಾರಂತೆ. ನಾಳೆ ಇವರೇ ಅಧಿಕಾರಿಗಳಾಗಿ ನಮಗೆ ನ್ಯಾಯ ಹೇಳುವವರು ಎಂದು ಸಪ್ಪಲಮ್ಮ ಆ ಕಿಟಕಿಯೊಳಗಿಂದ ಲೈಬ್ರರಿಯವನನ್ನು ನೋಡುತ್ತ ಶಪಿಸಿದಳು. ಕಾಟನ್‌ಪೇಟೆಯ ರದ್ದಿ ಮಂಡಿಯಲ್ಲಿ ಬೆಟ್ಟದಂತೆ ಪೇಪರ್ ಬಿದ್ದಿತ್ತು, ಆದರೆ ಆ ವಾರದ್ದೆಲ್ಲ ಆಗಲೇ ಬೇಲ್ ಕಟ್ಟಿ ಲಾರಿ ಹತ್ತಿತ್ತು. ಕೊನೆಗೆ ಶೀನಣ್ಣನೇ, ಬರೆದವರ ಮನೆಯಲ್ಲಿ ಇರದೆ ಹೋಗುತ್ತದೆಯೇ ಎಂದು, ಗೊತ್ತಿದ್ದವರನ್ನು ವಿಚಾರಿಸಿ ಮಲ್ಲೇಶ್ವರದ ವಿಳಾಸ ತಂದುಕೊಟ್ಟ.

ಉಪಕಾರ ಮಾಡಿದವರ ಮನೆಗೆ ಬರಿಗೈಯಲ್ಲಿ ಹೋಗುವ ಪದ್ಧತಿ ಸಪ್ಪಲಮ್ಮನ ಮನೆತನದಲ್ಲಿ ಇಲ್ಲ. ಅವತ್ತಿನ ಮಾಲಿನಲ್ಲಿ ಎಳೆಯದನ್ನೆಲ್ಲ ಆರಿಸಿ, ಮೇಲೆ ಒಂದು ಸೀಬೆಹಣ್ಣಿನ ಪೊಟ್ಟಣವಿಟ್ಟು, ರೇಷ್ಮೆಯಂಚಿನ ಸೀರೆಯುಟ್ಟು ಮೆಟ್ರೊ ಹತ್ತಿದಳು. ಅವರ ಕಾಲಿಗೆ ಬೀಳಬೇಕೋ, ಕೈಮುಗಿದರೆ ಸಾಕೋ ಎಂದು ದಾರಿಯುದ್ದಕ್ಕೂ ಯೋಚಿಸಿದಳು.

ಬಾಗಿಲು ತೆಗೆದವರು ಚಕ್ರಪಾಣಿಯವರ ಹೆಂಡತಿ ಆಂಡಾಳ್. ಸೊಪ್ಪಿನ ಚೀಲ ಕಂಡು ಮುಖ ಅರಳಿತು. ಇಂಥ ದಂಟು ನಮ್ಮ ಕಡೆ ಸಿಗುವುದೇ ಇಲ್ಲ ಎನ್ನುತ್ತ ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟರು. ಚಕ್ರಪಾಣಿ ಬಂದರು. ತಮ್ಮ ಅಂಕಣ ಹುಡುಕಿಕೊಂಡು ಒಬ್ಬ ಓದುಗಿ ಬಸವನಗುಡಿಯಿಂದ ಬಂದಿದ್ದಾಳೆ ಎಂದರೆ ಯಾವ ಲೇಖಕನಿಗೆ ಸಂತೋಷವಾಗುವುದಿಲ್ಲ? ಸಪ್ಪಲಮ್ಮ ಎದ್ದು ಕೈಮುಗಿದಳು. ಬಡವರ ಪರ ನೀವೊಬ್ಬರಾದರೂ ಬರೆದಿರಿ ಎಂದಳು. ಅವರು ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳದೆ, ಕಪಾಟಿನಿಂದ ಹಾಳೆ ತೆಗೆದುಕೊಟ್ಟರು. ಕನ್ನಡಕ ತಂದಿರಲಿಲ್ಲವಾದ್ದರಿಂದ ಸಪ್ಪಲಮ್ಮ ಅದನ್ನು ಆಂಡಾಳ್ ಕೈಗೆ ಕೊಟ್ಟು, ಒಂದು ಸಲ ಓದಿ ಹೇಳಿ ತಾಯಿ ಎಂದಳು.

ಆಂಡಾಳ್ ಗಟ್ಟಿಯಾಗಿ ಓದಿದರು. ಮೊದಲೆರಡು ವಾಕ್ಯ ಗೊತ್ತಿದ್ದದ್ದೇ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವರ ದನಿ ತಗ್ಗಿತು. ಫುಟ್‌ಪಾತನ್ನು ಪಿತ್ರಾರ್ಜಿತವೆಂದುಕೊಂಡ ತಳ್ಳುಗಾಡಿಯವರಿಗೆ ನಮ್ಮ ಪೊಲೀಸರು ಬೆಣ್ಣೆ ತಿನ್ನಿಸುತ್ತಿದ್ದಾರೆ, ತೆರಿಗೆ ಕಟ್ಟುವ ಸಭ್ಯ ಗೃಹಸ್ಥರ ಕಣ್ಣಿಗೆ ಸುಣ್ಣ ಹಾಕುತ್ತಿದ್ದಾರೆ ಎಂದಿತ್ತು. ಬಾಯಿಬಡುಕ ಸೊಪ್ಪಿನವಳೊಬ್ಬಳು, ಅವಳ ಪುಂಡ ಮಗನೊಬ್ಬ, ಇವರನ್ನು ತಿಂಗಳುಗಟ್ಟಲೆ ಅಲ್ಲಿಂದ ಎಬ್ಬಿಸದ ಪೊಲೀಸರು. ಸಪ್ಪಲಮ್ಮನ ಕೈಯಲ್ಲಿದ್ದ ಮಜ್ಜಿಗೆ ಲೋಟ ಕೈಯಲ್ಲೇ ಉಳಿಯಿತು. ಪುಂಡ! ಬೆಳಿಗ್ಗೆ ಎದ್ದು ತಾಯಿಗೆ ತಿಂಡಿ ಕಟ್ಟಿಕೊಂಡು ಬರುವ ಹುಡುಗ, ಇವರ ಪೇಪರಿನಲ್ಲಿ ಪುಂಡನಾಗಿದ್ದ. ಅವಳಿಗೆ ಮೈಯೆಲ್ಲ ಉರಿಯಿತು. ಇಂಥದ್ದಕ್ಕೆ ತಾನು ಊರೆಲ್ಲ ಅಲೆದೆನಲ್ಲ, ಇವರಿಗಾಗಿ ಎಳೆ ಸೊಪ್ಪು ಆರಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಆಂಡಾಳ್ ಓದು ನಿಲ್ಲಿಸಿ ಗಂಡನ ಮುಖ ನೋಡಿದರು. ಓದಿ ಅಮ್ಮಾ, ಪೂರ್ತಿ ಓದಿಬಿಡಿ ಎಂದಳು ಸಪ್ಪಲಮ್ಮ. ಅವರು ಮುಂದುವರಿಸಿದರು. 'ಪೊಲೀಸರು ಕಣ್ಮುಚ್ಚಿ ಕುಳಿತದ್ದರಿಂದ ಆ ಗೃಹಸ್ಥರು ಒಂದು ಬೆಳಿಗ್ಗೆ ತಾವೇ ಬೀದಿಗಿಳಿದು, ತಮ್ಮ ಕೈಯಾರೆ ಗಾಡಿಯನ್ನು ತಳ್ಳಿ, ಫುಟ್‌ಪಾತ್ ತೆರವುಗೊಳಿಸುವ ಧೈರ್ಯ ತೋರಬೇಕಾಯಿತು. ಅದಕ್ಕೆ ಸಿಕ್ಕ ಬಹುಮಾನವೆಂದರೆ ಕೊರಳಪಟ್ಟಿಗೆ ಬಿದ್ದ ಕೈ.'

"ನಿಲ್ಸಿ ತಾಯಿ," ಎಂದಳು ಸಪ್ಪಲಮ್ಮ. "ಅದನ್ನ ಇನ್ನೊಂದ್ಸಲ ಓದಿ."

ಆಂಡಾಳ್ ಇನ್ನೊಂದು ಸಲ ಓದಿದರು. ಸಪ್ಪಲಮ್ಮ ಚಕ್ರಪಾಣಿಯವರ ಕಡೆ ತಿರುಗಿ, ಆ ಸೊಪ್ಪಿನವಳು ನಾನೇ ಸ್ವಾಮಿ ಎಂದಳು. ತಳ್ಳಿದ್ದನ್ನು ನೀವು ಕಂಡಿರಾ ಎಂದು ಕೇಳಿದಳು. ಚಕ್ರಪಾಣಿ ಕನ್ನಡಕ ತೆಗೆದು ಒರೆಸಿದರು. ತಾವು ಆ ಬೀದಿಗೆ ಹೋಗಿಲ್ಲವೆಂದೂ, ಗೌರೀಶ್ ತಮ್ಮ ಕ್ಲಬ್ಬಿನ ಸ್ನೇಹಿತರೆಂದೂ, ತಾನೇ ಗಾಡಿ ತಳ್ಳಿದ್ದಾಗಿ ಅವರೇ ಬಾಯಿತುಂಬ ಹೇಳಿದ್ದರೆಂದೂ ಒಪ್ಪಿಕೊಂಡರು. ಬೇಸರವಾಗಿದ್ದರೆ ಸಂಪಾದಕರಿಗೆ ಪುಟ್ಟ ಪತ್ರ ಬರೆಯಿರಿ, ವಾಚಕರ ವಾಣಿಯಲ್ಲಿ ಹಾಕುತ್ತಾರೆ ಎಂದು ದಾರಿಯನ್ನೂ ತೋರಿಸಿದರು.

ಅರ್ಧ ಪುಟದಲ್ಲಿ ಮಾನ ತೆಗೆದು, ಅಂಗೈಯಗಲದ ಜಾಗದಲ್ಲಿ ಅಳು ಎನ್ನುತ್ತಾರಲ್ಲ ಎಂದು ಸಪ್ಪಲಮ್ಮನಿಗೆ ರೇಗಿತು. ಪತ್ರ ಬೇಡ ಎಂದಳು. ಗೌರೀಶ್ ಹೀಗೆ ಹೇಳಿದ್ದು ನಿಜ ಅಂತ ನಮ್ಮ ಠಾಣೆಗೆ ಬಂದು ಒಂದು ಮಾತು ಹೇಳಿ, ನನ್ನ ಮಗನ ಅನ್ನ ಉಳಿಯುತ್ತದೆ ಎಂದಳು. ಚಕ್ರಪಾಣಿ ಹಿಂದೆ ಸರಿದು ಕುಳಿತರು.

"ನೋಡಿ, ಅದು ನನ್ನ ಅಭಿಪ್ರಾಯ ಅಷ್ಟೇ. ಸಾಕ್ಷಿ ಅಲ್ಲ."

"ನನ್ನ ಮಗನ್ನ ಪುಂಡ ಅನ್ನೋವಾಗ ಅದು ಊರಿಗೆಲ್ಲ ಸತ್ಯ. ಠಾಣೆಗೆ ಬನ್ನಿ ಅಂದ್ರೆ ಬರೀ ಅಭಿಪ್ರಾಯಾನಾ ಸ್ವಾಮಿ?"

ಆಂಡಾಳ್ ಹಾಳೆಯನ್ನು ನೀಟಾಗಿ ಮಡಿಸಿ ಸಪ್ಪಲಮ್ಮನ ಕೈಗೆ ಕೊಟ್ಟರು. ಅದು ನನ್ನ ಹತ್ತಿರ ಇರೋ ಒಂದೇ ಪ್ರತಿ ಎಂದು ಚಕ್ರಪಾಣಿ ಗೊಣಗಿದ್ದನ್ನು ಇಬ್ಬರು ಹೆಂಗಸರೂ ಕೇಳಿಸಿಕೊಳ್ಳಲಿಲ್ಲ. ಹೊರಡುವಾಗ ಆಂಡಾಳ್ ಚೀಲವನ್ನು ಎತ್ತಿ ವಾಪಸ್ ಕೊಡಲು ಬಂದರು. ಇಟ್ಕೊಳ್ಳಿ ತಾಯಿ, ಅದು ನಿಮಗೆ, ಅವರಿಗೆ ಬಡಿಸಬೇಡಿ ಎಂದು ಹೇಳಿ ಸಪ್ಪಲಮ್ಮ ಮೆಟ್ಟಿಲಿಳಿದಳು.

ವಕೀಲರು ಓದಿ ತಲೆ ಕೆರೆದುಕೊಂಡರು. ಇದು ನಿಮ್ಮ ವಿರುದ್ಧವೇ ಇದೆಯಲ್ಲ, ಲಗತ್ತಿಸಿದರೆ ಕಷ್ಟ, ಒಂದು ವಾರ ಯೋಚಿಸೋಣ ಎಂದರು. ಅಷ್ಟು ಕಾಯುವ ತಾಳ್ಮೆ ಸಪ್ಪಲಮ್ಮನಿಗೆ ಉಳಿದಿರಲಿಲ್ಲ. ಮಗನನ್ನು ಕರೆದುಕೊಂಡು ನೇರವಾಗಿ ಠಾಣೆಗೆ ನಡೆದಳು. ಸಾಹೇಬರು ಇಲ್ಲ ಎಂದ ಪೇದೆಯನ್ನು ದಾಟಿಕೊಂಡೇ ಒಳಗೆ ಹೋದಳು, ಸಾಹೇಬರು ಇದ್ದರು. ಎಸ್‌ಐ ಹಾಳೆ ತೆಗೆದುಕೊಂಡು ಓದತೊಡಗಿದರು. ಓದುತ್ತ ಓದುತ್ತ ಮುಖ ಕೆಂಪಾಯಿತು.

"ಇದು ನಮ್ಮನ್ನ ಬೈದು ಬರ್ದಿರೋದು ಕಣಮ್ಮ. ಇದನ್ನ ತಂದು ನಮಗೇ ತೋರಿಸ್ತೀಯಾ?"

"ನಿಮ್ಮನ್ನೂ ಬೈದಿದಾರೆ, ನನ್ನನ್ನೂ ಬೈದಿದಾರೆ ಸ್ವಾಮಿ. ಹೊಗಳಿರೋದು ಗೌರೀಶಪ್ಪನ್ನ ಒಬ್ರನ್ನೇ. ಬರೆದೋರಿಗೆ ಕ್ಲಬ್ಬಲ್ಲಿ ಅವರೇ ಬಾಯಿತುಂಬ ಹೇಳಿದ್ದಂತೆ. ಯಾತಕ್ಕೆ ಹೊಗಳಿದಾರೆ, ಅಷ್ಟು ಮಾತ್ರ ಓದಿ."

ಅವಳು ಬೆರಳಿಟ್ಟ ಕಡೆ ಎಸ್‌ಐ ಮತ್ತೊಮ್ಮೆ ಓದಿದರು. ಗೇಟು ದಾಟಿಲ್ಲ ಎಂದು ತಮ್ಮ ಮುಂದೆ ಬರೆಸಿದವನು, ಪೇಪರಿನಲ್ಲಿ ಬೀದಿಗಿಳಿದು ಗಾಡಿ ತಳ್ಳಿದ್ದ. ಪಕ್ಕದ ಮೇಜಿನ ಪೇದೆ ಬಗ್ಗಿ ನೋಡಿ, ಹೌದು ಸಾರ್, ಹಂಗೇ ಇದೆ ಎಂದ. ಪೊಲೀಸರು ಪಕ್ಷಪಾತಿಗಳೆಂದು ಊರಿಗೆಲ್ಲ ಡಂಗುರ ಸಾರಿದ ಅದೇ ಹಾಳೆ ಮೇಜಿನ ಮೇಲೆ ಬಿದ್ದಿರುವಾಗ, ಈ ಹೆಂಗಸನ್ನು ಇನ್ನೊಮ್ಮೆ ಹಿಂದಕ್ಕೆ ಕಳಿಸುವುದು ಅವರಿಗೆ ಸುಲಭವಾಗಿರಲಿಲ್ಲ. ಹಾಳೆಯನ್ನು ಪಕ್ಕಕ್ಕಿಟ್ಟು, ಸರಿ, ನಿಮ್ಮ ದೂರನ್ನೂ ತಗೊಳ್ಳೋಣ, ಎರಡನ್ನೂ ಸೇರಿಸಿ ತನಿಖೆ ಮಾಡೋಣ ಎಂದರು.

ಹರಿಕೃಷ್ಣ ನಿಟ್ಟುಸಿರು ಬಿಟ್ಟ. ಸಪ್ಪಲಮ್ಮನ ಸಿಟ್ಟು ನೆತ್ತಿಗೇರಿದ್ದು ಮಾತ್ರ ಆಗಲೇ.

"ಮೊದಲ ದಿನ ನಾನು ಹೇಳಿದ್ದೂ ಇದನ್ನೇ ಅಲ್ವಾ ಸ್ವಾಮಿ? ರಕ್ತ ಸುರಿಯೋ ಕೈ ತೋರಿಸಿ ನಾನು ಹೇಳಿದ್ರೆ ಸುಳ್ಳು. ಅವನು ಜಂಬ ಕೊಚ್ಚಿಕೊಂಡ್ರೆ ನಿಜ. ಇದು ಹೇಗೆ?"

ಎಸ್‌ಐ ಬಿಳಿ ಹಾಳೆಯೊಂದನ್ನು ಎಳೆದುಕೊಂಡು, ಪೆನ್ನು ತೆಗೆದು, ನಿಮ್ಮ ಹೆಸರೇನಮ್ಮ ಎಂದು ಕೇಳಿದರು. ಅದೇ ಠಾಣೆಯ ಬಾಗಿಲಲ್ಲಿ ಅಷ್ಟು ಸಲ ಬಂದು ನಿಂತವಳನ್ನು ಅಲ್ಲಿ ಯಾರಾದರೂ ಹೆಸರು ಕೇಳಿದ್ದು ಅದೇ ಮೊದಲು.